ಕೋರ್ಟ್ ಆದೇಶ ಕೈಯಲ್ಲಿದೆ, ಮನುಷ್ಯ ಸಿಗುತ್ತಿಲ್ಲ. ತಲೆಮರೆಸಿಕೊಂಡವರನ್ನು ಗೊತ್ತಿರುವವರು ಹೇಗೆ ಹುಡುಕುತ್ತಾರೆ?

ದಾವಣಗೆರೆ_ತಮ್ಮ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಅಕ್ಕನಿಗೆ ಫ್ಯಾಮಿಲಿ ಕೋರ್ಟಿನಲ್ಲಿ ಜೀವನಾಂಶದ ಆದೇಶ ಆಗಿದೆ. ಅವಳಿಗೂ ಮಗುವಿಗೂ ಸೇರಿ ತಿಂಗಳಿಗೆ ಇಷ್ಟು ಅಂತ. ಭಾವ ಶುರುವಿನಲ್ಲಿ ಸ್ವಲ್ಪ ಕಟ್ಟಿದರು, ಆಮೇಲೆ ನಾಪತ್ತೆ. ಫೋನ್ ನಂಬರ್ ಬದಲು, ಬಾಡಿಗೆ ಮನೆ ಖಾಲಿ, ಕೆಲಸವನ್ನೂ ಬಿಟ್ಟಿದ್ದಾರೆ. ವಸೂಲಿಗೆ ಅರ್ಜಿ ಹಾಕಿದ್ದೇವೆ. ವಾರಂಟ್ ಹೋಗುತ್ತದೆ, "ಸದರಿ ವಿಳಾಸದಲ್ಲಿ ವಾಸವಿಲ್ಲ" ಅಂತ ಷರಾ ಹಾಕಿಸಿಕೊಂಡು ವಾಪಸ್ ಬರುತ್ತದೆ. ಅವರ ಊರಿಗೆ ಹೋದರೆ ಅವರಮ್ಮ "ನಮಗೂ ಅವನಿಗೂ ಸಂಬಂಧವೇ ಇಲ್ಲ" ಅಂತ ಬಾಗಿಲು ಹಾಕಿಕೊಳ್ಳುತ್ತಾರೆ. ಅಕ್ಕ ಟೈಲರಿಂಗ್ ಮಾಡಿ ಮಗುವಿನ ಫೀಸು ಕಟ್ಟುತ್ತಿದ್ದಾಳೆ.

ಈಗ ಒಂದು ಪತ್ತೇದಾರಿ ಏಜೆನ್ಸಿಯವರು ಸಿಕ್ಕಿದ್ದಾರೆ. ನಲವತ್ತು ಸಾವಿರ ಮುಂಗಡ ಕೊಡಿ, ಟವರ್ ಲೊಕೇಶನ್ ತೆಗೆಸುತ್ತೇವೆ, ಸಿಡಿಆರ್ ಕೈಗೇ ಕೊಡುತ್ತೇವೆ ಅನ್ನುತ್ತಾರೆ. ಕೊಡಬಹುದಾ? ಇಲ್ಲಿ ವಕೀಲರು, ಪೊಲೀಸ್, ಬ್ಯಾಂಕಿನವರು ಇದ್ದರೆ ಹೇಳಿ. ಸಿಕ್ಕಬಾರದು ಅಂತಲೇ ಇರುವವರನ್ನು ನೀವೆಲ್ಲ ಹೇಗೆ ಹುಡುಕುತ್ತೀರಿ?

ಹುಬ್ಬಳ್ಳಿ_ವಕೀಲ
ತಮ್ಮಾ, ಆ ಏಜೆನ್ಸಿಗೆ ಒಂದು ರೂಪಾಯಿನೂ ಕೊಡಬ್ಯಾಡ್ರಿ.

ಸಿಡಿಆರ್ ಅಂದರೆ ಕರೆ ದಾಖಲೆ. ಅದನ್ನು ಮೊಬೈಲ್ ಕಂಪನಿಯಿಂದ ತರಿಸಿಕೊಳ್ಳುವ ಅಧಿಕಾರ ಪತ್ತೇದಾರರಿಗಿಲ್ಲ. ಪೊಲೀಸರಲ್ಲಿಯೂ ಎಸ್‌ಪಿ ದರ್ಜೆ ಅಥವಾ ಅದಕ್ಕಿಂತ ಮೇಲಿನ ಅಧಿಕಾರಿಯ ಮೂಲಕವೇ ಕೇಳಬೇಕು. 2013ರಲ್ಲಿ ದೆಹಲಿಯಲ್ಲಿ ಬಿಜೆಪಿ ನಾಯಕ ಅರುಣ್ ಜೇಟ್ಲಿಯವರ ಕರೆ ದಾಖಲೆಯನ್ನೇ ತೆಗೆಸಲು ನೋಡಿದ್ದು ಬಯಲಾಗಿ ಒಬ್ಬ ಕಾನ್ಸ್‌ಟೆಬಲ್ ಜೈಲಿಗೆ ಹೋದ. 2018ರಲ್ಲಿ ಮಹಾರಾಷ್ಟ್ರದ ಠಾಣೆ ನಗರದ ಪೊಲೀಸರು ಸಿಡಿಆರ್ ಮಾರುವ ಜಾಲ ಹಿಡಿದಾಗ ಖಾಸಗಿ ಪತ್ತೇದಾರರೇ ಸಿಕ್ಕಿಬಿದ್ದರು. ಹಣ ಕೊಟ್ಟು ತೆಗೆಸಿಕೊಂಡವರಿಗೂ ಕೇಸಿನ ಬಿಸಿ ತಟ್ಟಿತು. ನಾಳೆ ನಿಮ್ಮ ಅಕ್ಕನೇ ಆರೋಪಿ ಆಗಿ ನಿಲ್ಲಬೇಕಾ?

ಹಂಗಂತ ಪತ್ತೇದಾರರೆಲ್ಲ ಕಳ್ಳರಲ್ಲ. ಆದರೆ ನಮ್ಮ ದೇಶದಲ್ಲಿ ಅವರಿಗೆ ಲೈಸೆನ್ಸ್ ಕೊಡುವ ಕಾನೂನೇ ಇಲ್ಲ. 2007ರಲ್ಲಿ ರಾಜ್ಯಸಭೆಯಲ್ಲಿ ಒಂದು ಮಸೂದೆ ಮಂಡಿಸಿದ್ದರು. ವರ್ಷಗಟ್ಟಲೆ ಹಾಗೇ ಬಿದ್ದಿತ್ತು, 2020ರಲ್ಲಿ ವಾಪಸ್ ತಗೊಂಡರು. ಯಾರು ಬೇಕಾದರೂ ಬೋರ್ಡ್ ಹಾಕಬಹುದು ಅನ್ನುವ ಸ್ಥಿತಿ. "ಸರ್ಕಾರಿ ಮಾನ್ಯತೆ ಇದೆ" ಅಂದರೆ ಯಾವ ಮಾನ್ಯತೆ ಅಂತ ಕೇಳಿ. 2005ರ ಸೆಕ್ಯೂರಿಟಿ ಏಜೆನ್ಸಿ ಕಾನೂನಿನ ಲೈಸೆನ್ಸ್ ತೋರಿಸಿದರೆ ಅದು ಕಾವಲುಗಾರರನ್ನು ಒದಗಿಸೋದಕ್ಕೆ, ಜನರನ್ನು ಹುಡುಕೋದಕ್ಕಲ್ಲ.

ಮಿರ್ಚಿಮಂಡಕ್ಕಿ
ನಲವತ್ತು ಸಾವಿರಕ್ಕೆ ರಸೀದಿ ಕೊಡ್ತಾರಾ ಕೇಳಿ ನೋಡಿ. ಅಲ್ಲೇ ಗೊತ್ತಾಗುತ್ತೆ.

ದಾವಣಗೆರೆ_ತಮ್ಮ
ರಸೀದಿ ಇಲ್ಲ ಅಂದರು. ನಗದು ಮಾತ್ರ ಅಂತೆ.

ಕಲೆಕ್ಷನ್_ಬಿಟ್ಟವನು
ನಾನು ಬಹಳ ವರ್ಷ ವಾಹನ ಸಾಲದ ವಸೂಲಿಯಲ್ಲಿ ಇದ್ದೆ. ಕಂತು ನಿಲ್ಲಿಸಿ ಮಾಯ ಆದವರನ್ನು ನಮ್ಮಲ್ಲಿ "ಸ್ಕಿಪ್" ಅನ್ನುತ್ತಿದ್ದರು. ಹೊರಗಿನವರಿಗೆ ಇದೇನೋ ದೊಡ್ಡ ವಿದ್ಯೆ ಅನಿಸುತ್ತದೆ. ನಿಜ ಹೇಳಬೇಕೆಂದರೆ ಮುಕ್ಕಾಲು ಕೆಲಸ ಹಳೇ ಫೈಲ್ ಓದುವುದು.

ಸಾಲದ ಅರ್ಜಿಯಲ್ಲಿ ಎರಡು ರೆಫರೆನ್ಸ್ ಬರೆಸಿಕೊಳ್ಳುತ್ತಾರಲ್ಲ, ಅದು ಸುಮ್ಮನೆ ಅಲ್ಲ. ಜಾಮೀನುದಾರ ಯಾರು, ಮೊದಲ ಸಲ ಮನೆ ನೋಡಲು ಹೋದ ಹುಡುಗ ರಿಪೋರ್ಟಿನಲ್ಲಿ ಏನು ಬರೆದಿದ್ದ, ಪಕ್ಕದ ಮನೆಯವರ ಹೆಸರು ಏನು, ಎಲ್ಲ ಅಲ್ಲೇ ಇರುತ್ತದೆ. ಹೊಸಬರು ಫೈಲ್ ಬಿಟ್ಟು ಫೋನ್ ಹಿಡಿಯುತ್ತಾರೆ. ಹಳಬರು ಮೊದಲು ಅರ್ಜಿಯ ಕೈಬರಹ ನೋಡುತ್ತಾರೆ. ತಿದ್ದಿ ಬರೆದ ಅಂಕಿ, ಅಡ್ಡಗೆರೆ ಹೊಡೆದ ಹಳೇ ವಿಳಾಸ, ಇವೆಲ್ಲ ಉಪಯೋಗಕ್ಕೆ ಬರುತ್ತವೆ.

ಎರಡನೆಯದು ಸಿಬಿಲ್, ಅಂದರೆ ಯಾರು ಎಲ್ಲಿ ಸಾಲ ಮಾಡಿದ್ದಾರೆ ಅನ್ನುವ ರಿಪೋರ್ಟ್. ಮನುಷ್ಯ ಬೇರೆ ಊರಿಗೆ ಹೋದರೂ ಬದುಕಬೇಕಲ್ಲ. ಒಂದು ದಿನ ಬೈಕಿಗೋ ಫೋನಿಗೋ ಹೊಸ ಸಾಲ ಕೇಳುತ್ತಾನೆ. ಆಗ ಕೊಟ್ಟ ಹೊಸ ವಿಳಾಸ, ಹೊಸ ನಂಬರ್ ರಿಪೋರ್ಟಿಗೆ ಸೇರುತ್ತದೆ. ಹಳೇ ಸಾಲ ಕೊಟ್ಟವರಿಗೆ ಅದು ಕಾಣಿಸುತ್ತದೆ. ಆದರೆ ಇದು ಸಾಲ ಕೊಟ್ಟ ಸಂಸ್ಥೆಗೆ ಮಾತ್ರ ಇರುವ ದಾರಿ. ನಿಮ್ಮ ಭಾವನ ಸಿಬಿಲ್ ನೀವು ತೆಗೆಸುವ ಹಾಗಿಲ್ಲ. ಯಾರಾದರೂ ತೆಗೆಸಿಕೊಡುತ್ತೇನೆ ಅಂದರೆ ಅದೂ ಸಿಡಿಆರ್ ಥರದ್ದೇ ಕಳ್ಳದಾರಿ.

ನೆಲಮಂಗಲ_ರೈತ
ವಸೂಲಿಯವರು ಮಾಡುವ ಅವಾಂತರವನ್ನೂ ಹೇಳಿ ಸ್ವಾಮಿ. ಸಾಲ ತಗೊಂಡವನು ಸಿಗದಿದ್ದರೆ ಹೆಂಡತಿಯನ್ನು, ಅವರಮ್ಮನನ್ನು ಬೀದಿಯಲ್ಲಿ ನಿಲ್ಲಿಸಿ ಮಾನ ಕಳೆಯುವುದು ಹುಡುಕುವ ವಿದ್ಯೆನಾ? ನಮ್ಮ ಪಕ್ಕದ ಊರಲ್ಲಿ ಮೈಕ್ರೋ ಫೈನಾನ್ಸ್ ಕಾಟಕ್ಕೆ ಮನೆಗೆ ಬೀಗ ಹಾಕಿಕೊಂಡು ಊರು ಬಿಟ್ಟವರು ಇದ್ದಾರೆ. ಅವರೂ "ಸಿಕ್ಕಬಾರದು" ಅಂತ ಇರುವವರೇ.

ಕಲೆಕ್ಷನ್_ಬಿಟ್ಟವನು
@ನೆಲಮಂಗಲ_ರೈತ ನೀವು ಹೇಳುವುದು ನೂರಕ್ಕೆ ನೂರು ಸರಿ. ನಾನು ಆ ಕೆಲಸ ಬಿಟ್ಟಿದ್ದಕ್ಕೂ ಅದೇ ಕಾರಣ. ಬೆಳಗ್ಗೆ 8ಕ್ಕಿಂತ ಮೊದಲು, ಸಂಜೆ 7ರ ನಂತರ ವಸೂಲಿಗೆ ಫೋನ್ ಮಾಡಬಾರದು ಅಂತ ರಿಸರ್ವ್ ಬ್ಯಾಂಕ್ 2022ರಲ್ಲಿ ಸುತ್ತೋಲೆ ಹೊರಡಿಸಿತು. ಮನೆಯವರಿಗೆ, ಸ್ನೇಹಿತರಿಗೆ ಕಾಟ ಕೊಡಬಾರದು ಅಂತಲೂ ಅದರಲ್ಲಿದೆ. ನಮ್ಮ ರಾಜ್ಯದಲ್ಲಿ 2025ರ ಫೆಬ್ರವರಿಯಲ್ಲಿ ಕಿರುಸಾಲದ ಕಿರುಕುಳದ ವಿರುದ್ಧ ಸುಗ್ರೀವಾಜ್ಞೆಯೇ ಬಂತು, 10 ವರ್ಷದವರೆಗೆ ಶಿಕ್ಷೆ, 5 ಲಕ್ಷದವರೆಗೆ ದಂಡ. ಅಂಥವರು ಬಂದರೆ ಠಾಣೆಗೆ ದೂರು ಕೊಡಿ.

ನಿವೃತ್ತ_ಜಾರಿಕಾರ
ನಾನು ಕೋರ್ಟಿನಲ್ಲಿ ಆದೇಶ ಜಾರಿಕಾರನಾಗಿ ಇದ್ದು ನಿವೃತ್ತಿ ಆದವನು. ಸಮನ್ಸ್, ನೋಟಿಸ್ ಮುಟ್ಟಿಸುವುದೇ ಕೆಲಸ. ಜನ ನಮ್ಮನ್ನು ಅಮೀನ ಅಂತಲೂ ಕರೆಯುತ್ತಿದ್ದರು. ಹಳ್ಳಿಗೆ ಕಾಲಿಟ್ಟ ಕೂಡಲೇ ಅರ್ಧ ಊರಿಗೆ ಸುದ್ದಿ. ನಾವು ಹುಡುಕುವ ಮನುಷ್ಯ ಹಿತ್ತಲ ಬಾಗಿಲಿಂದ ತೋಟಕ್ಕೆ.

ಮೊದಲ ತೊಡಕು ಹೆಸರು. ಸಮನ್ಸ್‌ನಲ್ಲಿ "ಮಂಜುನಾಥ ಬಿನ್ ನಂಜಪ್ಪ" ಅಂತ ಇರುತ್ತದೆ. ಆ ಊರಲ್ಲಿ ಅದೇ ಹೆಸರಿನವರು ನಾಲ್ಕು ಜನ. ಊರಿನವರಿಗೆ ಮಂಜುನಾಥ ಅಂದರೆ ಗೊತ್ತೇ ಆಗುವುದಿಲ್ಲ. "ಓ, ಟೆಂಪೋ ಮಂಜನಾ?" ಅಂದಾಗಲೇ ದಾರಿ ಸಿಗುವುದು. ಅದಕ್ಕೇ ನಾನು ಹೊಸಬರಿಗೆ ಹೇಳುತ್ತಿದ್ದೆ, ಕಕ್ಷಿದಾರರ ಹತ್ತಿರ ಅಡ್ಡಹೆಸರು ಕೇಳಿಕೊಂಡು ಹೋಗಿ ಅಂತ. ವಕೀಲರು ಅರ್ಜಿಯಲ್ಲಿ "ಉರುಫ್" ಹಾಕಿ ಬರೆದರೆ ಇನ್ನೂ ಒಳ್ಳೆಯದು.

ಎರಡನೆಯದು ಯಾರನ್ನು ಕೇಳಬೇಕು ಅನ್ನುವುದು. ಬಂಧುಗಳನ್ನು ಕೇಳಿದರೆ ಸುಳ್ಳು ಬರುತ್ತದೆ, ದಾಯಾದಿಗಳನ್ನು ಕೇಳಿದರೆ ಅತಿ ಬರುತ್ತದೆ. ಹಿಟ್ಟಿನ ಗಿರಣಿ, ಹಾಲಿನ ಡೈರಿ, ನ್ಯಾಯಬೆಲೆ ಅಂಗಡಿ, ಇಲ್ಲಿ ಕೂತವರು ಲೆಕ್ಕದ ಮಾತು ಆಡುತ್ತಾರೆ. "ಅವರ ಮನೆಯಿಂದ ಈಗ ಹಾಲು ಹಾಕುತ್ತಿರುವವರು ಯಾರು?" ಅಂದರೆ ಸಾಕು, ಮನೆಯಲ್ಲಿ ಯಾರಿದ್ದಾರೆ, ಯಾರಿಲ್ಲ ಅನ್ನುವುದು ತಾನಾಗಿ ಹೊರಬರುತ್ತದೆ. ಪೋಸ್ಟ್‌ಮ್ಯಾನ್‌ಗೆ ಎಲ್ಲ ಗೊತ್ತಿರುತ್ತದೆ, ಆದರೆ ಅವರು ಹೇಳುವ ಹಾಗಿಲ್ಲ. ನಾನು ಅವರನ್ನು ಕೇಳಿ ಇಕ್ಕಟ್ಟಿಗೆ ಸಿಕ್ಕಿಸುತ್ತಿರಲಿಲ್ಲ.

ಮನುಷ್ಯ ಸಿಗದಿದ್ದರೆ ಬಾಗಿಲಿಗೆ ಅಂಟಿಸುವ ಕ್ರಮ ಇದೆ. ಅದನ್ನು ಸರಿಯಾಗಿ ಮಾಡುವುದರಲ್ಲೇ ಕೆಲಸದ ಮರ್ಯಾದೆ ಇರುವುದು. ಎಷ್ಟು ಹೊತ್ತಿಗೆ ಹೋದೆ, ಯಾವ ಬಾಗಿಲಿಗೆ ಅಂಟಿಸಿದೆ, ಇದು ಅವರ ಮನೆಯೇ ಅಂತ ತೋರಿಸಿದವರ ಹೆಸರು, ವಿಳಾಸ, ಯಾರ ಎದುರು ಅಂಟಿಸಿದೆ, ಎಲ್ಲ ಬರೆಯಬೇಕು. ಹಳೇ ಸಿವಿಲ್ ಪ್ರಕ್ರಿಯಾ ಸಂಹಿತೆಯ 5ನೇ ಆದೇಶದಲ್ಲೇ ಇದೆ. ಇದಿಲ್ಲದೆ "ಬಾಗಿಲು ಹಾಕಿತ್ತು" ಅಂತ ಒಂದೇ ಸಾಲು ಬರೆದು ಬಂದರೆ ಎದುರು ವಕೀಲರು ಕೋರ್ಟಿನಲ್ಲಿ ಕಿತ್ತು ಬಿಸಾಕುತ್ತಾರೆ. ನಿಮ್ಮ ಕೇಸಿನ ಷರಾಗಳನ್ನು ಒಮ್ಮೆ ತೆಗೆಸಿ ಓದಿ. ಯಾರು ಹೋಗಿದ್ದರು, ಯಾರನ್ನು ಕೇಳಿದರು ಅಂತ ಇದೆಯಾ ನೋಡಿ.

ಹುಬ್ಬಳ್ಳಿ_ವಕೀಲ
ಗುರುಗಳ ಮಾತು ಬಂಗಾರದಂಥದ್ದು. ಎಷ್ಟೋ ಕೇಸು ಒಂದು ಕೆಟ್ಟ ಷರಾದಿಂದ ವರ್ಷಗಟ್ಟಲೆ ಹಿಂದೆ ಬಿದ್ದದ್ದನ್ನು ನೋಡೇನಿ. ಇನ್ನೊಂದು ಸೇರಿಸುತ್ತೇನೆ. ಕ್ರಿಮಿನಲ್ ಕೇಸಿನ ಸಮನ್ಸ್ ಮೊದಲು ಮನೆಯ ವಯಸ್ಕ ಗಂಡಸರ ಕೈಗೆ ಮಾತ್ರ ಕೊಡಬಹುದಿತ್ತು. 2024ರ ಜುಲೈ 1ರಿಂದ ಹೊಸ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆ ಬಂದ ಮೇಲೆ ಮನೆಯ ಯಾವ ವಯಸ್ಕರಿಗೂ ಕೊಡಬಹುದು, ಹೆಂಗಸರೂ ಸೇರಿ. "ಮನೆಯಲ್ಲಿ ಗಂಡಸರಿಲ್ಲ" ಅಂತ ಬಾಗಿಲು ಹಾಕುವ ಉಪಾಯ ಈಗ ನಡೆಯುವುದಿಲ್ಲ.

ಕುಡ್ಲದವ
ಚೆಕ್ ಬೌನ್ಸ್ ಕೇಸಿನಲ್ಲೂ ಇದೇ ಕಥೆ ಮಾರಾಯ್ರೆ. ನೋಟಿಸ್ ಕಳಿಸಿದರೆ "ಬಾಗಿಲು ಬೀಗ", "ಪಡೆದಿಲ್ಲ" ಅಂತ ಬರೆಸಿ ವಾಪಸ್ ಕಳಿಸುವವರ ದೊಡ್ಡ ಗುಂಪೇ ಉಂಟು.

ಹುಬ್ಬಳ್ಳಿ_ವಕೀಲ
@ಕುಡ್ಲದವ ಅದರಿಂದ ಅವರಿಗೆ ಲಾಭ ಇಲ್ಲ. ಸರಿಯಾದ ವಿಳಾಸಕ್ಕೆ ಅಂಚೆಯಲ್ಲಿ ಕಳಿಸಿದ್ದರೆ ಮುಟ್ಟಿದ ಹಾಗೇ ಅಂತ ಸುಪ್ರೀಂ ಕೋರ್ಟ್ 2007ರಲ್ಲೇ ಅಲವಿ ಹಾಜಿ ಕೇಸಿನಲ್ಲಿ ಹೇಳಿದೆ. ನಿಜವಾಗಿಯೂ ಸಿಕ್ಕಿರಲಿಲ್ಲ ಅನ್ನುವವರು ಕೋರ್ಟಿನ ಸಮನ್ಸ್ ಬಂದ 15 ದಿನದೊಳಗೆ ಚೆಕ್ಕಿನ ಹಣ ಕಟ್ಟಬಹುದು. ಹಣ ಕಟ್ಟದವರು ನೋಟಿಸ್ ಬರಲಿಲ್ಲ ಅಂತ ಕೂಗಿ ಪ್ರಯೋಜನ ಇಲ್ಲ.

ಚೀಟಿಲಿ_ಕಳಕೊಂಡವಳು
ನಮ್ಮ ಬೀದಿಯ ಚೀಟಿ ನಡೆಸುತ್ತಿದ್ದ ಹೆಂಗಸು ಗಣಪತಿ ಹಬ್ಬದ ಮಾರನೇ ದಿನ ಮಾಯ. ಎಲ್ಲರೂ ಟವರ್, ಸಿಸಿಟಿವಿ ಅಂತ ಓಡಾಡಿದರು. ಕೊನೆಗೆ ಸಿಕ್ಕಿದ್ದು ಹೇಗೆ ಗೊತ್ತಾ? ಮಗಳ ಎರಡನೇ ಹೆರಿಗೆಗೆ ಬಾಣಂತನ ಮಾಡಲು ಬಂದಿದ್ದರು. ತಾಯಿ ಹೃದಯ ಎಲ್ಲಿ ಬಚ್ಚಿಟ್ಟುಕೊಳ್ಳುತ್ತೆ ಹೇಳಿ.

ಮಿರ್ಚಿಮಂಡಕ್ಕಿ
ಬೆಂಗಳೂರಿನ ಹೂಡಿಕೆ ವಂಚನೆಯ ಐಎಂಎ ಕಂಪನಿ ಮಾಲೀಕ ನೆನಪಿದ್ದಾನಾ? 2019ರ ಜೂನಿನಲ್ಲಿ ದುಬೈಗೆ ಹಾರಿದ, ಜುಲೈನಲ್ಲಿ ದೆಹಲಿ ಏರ್‌ಪೋರ್ಟಿನಲ್ಲಿ ಹಿಡಿದರು. ದೊಡ್ಡವರೇ ಸಿಕ್ಕಿಬೀಳುತ್ತಾರೆ, ಚೀಟಿಯವರು ಯಾವ ಲೆಕ್ಕ.

ಕುಡ್ಲದವ
ದೊಡ್ಡವರು ಅಂದರೆ ನಮ್ಮ ಕಡೆಯ ಭೂಗತ ಪಾತಕಿ ರವಿ ಪೂಜಾರಿ. ಮಲ್ಪೆಯವ. ವರ್ಷಗಟ್ಟಲೆ ವಿದೇಶದಲ್ಲಿ ಕೂತು ಇಲ್ಲಿಯವರಿಗೆ ಫೋನ್ ಮಾಡಿ ಹಣ ಕೇಳುತ್ತಿದ್ದ. ಬುರ್ಕಿನಾ ಫಾಸೊ ಪಾಸ್‌ಪೋರ್ಟ್, ಹೆಸರು ಆಂಟನಿ ಫರ್ನಾಂಡಿಸ್, ವ್ಯಾಪಾರ ಹೋಟೆಲ್. ಹೋಟೆಲಿಗೆ ಇಟ್ಟ ಹೆಸರು "ನಮಸ್ತೆ ಇಂಡಿಯಾ"! 2019ರ ಜನವರಿಯಲ್ಲಿ ಸೆನೆಗಲ್‌ನಲ್ಲಿ ಸಿಕ್ಕಿದ, ಜಾಮೀನಿನ ಮೇಲೆ ಹೊರಬಂದು ಮತ್ತೆ ಓಡಿದ, ಮತ್ತೆ ಹಿಡಿದು 2020ರ ಫೆಬ್ರವರಿಯಲ್ಲಿ ಬೆಂಗಳೂರಿಗೆ ತಂದರು. ಹೆಸರು ಬದಲಿಸಬಹುದು, ಊಟದ ರುಚಿ, ಭಾಷೆ, ಊರಿನ ಗೀಳು ಬದಲಿಸುವುದು ಕಷ್ಟ.

ಠಾಣೆ_ರೈಟರ್
ಪೂಜಾರಿ ಕೇಸಿಗೆ ಇಂಟರ್‌ಪೋಲ್, ರಾಯಭಾರ ಕಚೇರಿ ಎಲ್ಲ ಬೇಕಾಯಿತು. ನಮ್ಮ ಠಾಣೆಯ ನಿತ್ಯದ ಕೆಲಸ ಬೇರೆ. ನಮ್ಮಲ್ಲಿ ಎಲ್‌ಪಿಸಿ ಅಂತ ಒಂದು ಪಟ್ಟಿ ಇರುತ್ತದೆ, ಬಹಳ ವರ್ಷದಿಂದ ಬಾಕಿ ಉಳಿದ ಕೇಸುಗಳು. ಆರೋಪಿ ಕೋರ್ಟಿಗೆ ಬರದೆ ತಲೆಮರೆಸಿಕೊಂಡ, ಉಳಿದವರ ಕೇಸು ಬೇರೆ ಮಾಡಿ ಮುಗಿಸಿದರು, ಇವನದು ಹಾಗೇ ಉಳಿಯಿತು. ಪತ್ರಿಕೆಯಲ್ಲಿ "20 ವರ್ಷದ ಬಳಿಕ ಆರೋಪಿ ಬಂಧನ" ಅಂತ ಓದುತ್ತೀರಲ್ಲ, ಅವು ಇವೇ.

ಅವರು ಹೇಗೆ ಸಿಗುತ್ತಾರೆ ಅಂದರೆ, ಬಹುತೇಕ ಊರಿಗೆ ಬಂದಾಗ. ಜಾತ್ರೆ, ತಿಥಿ, ಅಣ್ಣನ ಮಗಳ ಮದುವೆ, ಜಮೀನು ಭಾಗ. ಬೀಟ್ ಕಾನ್ಸ್‌ಟೆಬಲ್‌ಗೆ ಊರಿನವರ ಜೊತೆ ಒಳ್ಳೆ ಮಾತಿದ್ದರೆ ಒಂದು ಫೋನ್ ಬರುತ್ತದೆ. ಇಷ್ಟು ವರ್ಷ ಆಯಿತಲ್ಲ, ಪೊಲೀಸರು ಮರೆತಿರುತ್ತಾರೆ ಅಂತ ಅವರು ಅಂದುಕೊಂಡಿರುತ್ತಾರೆ. ವಾರಂಟ್‌ಗೆ ಮರೆವು ಇರುವುದಿಲ್ಲ.

ನಿಮಗೆ ಒಂದು ನೇರ ಮಾತು. ಜೀವನಾಂಶದ ವಾರಂಟ್ ಠಾಣೆಗೆ ಬಂದಾಗ ಅದು ಕಳ್ಳತನ, ಕೊಲೆ ವಾರಂಟ್‌ಗಳ ಕೆಳಗೆ ಬೀಳುತ್ತದೆ. ಇದು ತಪ್ಪು, ಆದರೆ ನಡೆಯುತ್ತಿರುವುದು ಹೀಗೇ. ಅಕ್ಕ ಒಬ್ಬರೇ ಬಂದು ಕೂರಬೇಡಿ. ವಿಳಾಸ ಖಚಿತ ಮಾಡಿಕೊಂಡು, ಇವತ್ತು ಇಂಥ ಕಡೆ ಇದ್ದಾರೆ ಅಂತ ಲಿಖಿತವಾಗಿ ಇನ್‌ಸ್ಪೆಕ್ಟರ್‌ಗೆ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಕಾಗದ ಇದ್ದರೆ ಕೆಲಸ ನಡೆಯುತ್ತದೆ.

ಗಲ್ಫ್_ಕನ್ನಡಿಗ
ದುಬೈಗೆ ಹೋಗಿರಬಹುದಾ ಅಂತ ನೋಡಿ. ಲುಕ್‌ಔಟ್ ಸರ್ಕ್ಯುಲರ್ ಹಾಕಿಸಿಬಿಡಿ, ಏರ್‌ಪೋರ್ಟಿನಲ್ಲೇ ಹಿಡೀತಾರೆ.

ಹುಬ್ಬಳ್ಳಿ_ವಕೀಲ
@ಗಲ್ಫ್_ಕನ್ನಡಿಗ ಅಷ್ಟು ಸುಲಭ ಇಲ್ಲ. ಲುಕ್‌ಔಟ್ ಸಾಮಾನ್ಯವಾಗಿ ಪೊಲೀಸರು ನೇರ ಕ್ರಮ ಕೈಗೊಳ್ಳಬಹುದಾದ ಅಪರಾಧಗಳಿಗೆ. ಬರೀ ಜೀವನಾಂಶ ಬಾಕಿಗೆ ಅದು ಸಿಗುವುದು ಕಷ್ಟ. ವರದಕ್ಷಿಣೆ ಕಿರುಕುಳದ ಕೇಸು ಬೇರೆ ಇದ್ದು, ಅವರು ವಿದೇಶಕ್ಕೆ ಹೋದದ್ದು ಖಚಿತವಾಗಿದ್ದರೆ ಮಾತು ಬೇರೆ. ಆಗ 1967ರ ಪಾಸ್‌ಪೋರ್ಟ್ ಕಾಯ್ದೆಯಡಿ ಪಾಸ್‌ಪೋರ್ಟ್ ಮುಟ್ಟುಗೋಲಿಗೂ ಕೇಳಬಹುದು. ರಾಷ್ಟ್ರೀಯ ಮಹಿಳಾ ಆಯೋಗದಲ್ಲಿ ಅನಿವಾಸಿ ಗಂಡಂದಿರ ದೂರಿಗೆ ಪ್ರತ್ಯೇಕ ವಿಭಾಗ ಇದೆ.

ಹೆಸರು_ಹೇಳಲ್ಲ
ನಾನು ಈ ಚರ್ಚೆಯನ್ನು ಓದುತ್ತಾ ಕೈ ನಡುಗಿ ಬರೆಯುತ್ತಿದ್ದೇನೆ. ನಾನು ಇನ್ನೊಂದು ಕಡೆಯವಳು. ಸಿಕ್ಕಬಾರದು ಅಂತ ಇದ್ದವಳು.

ಹೊಡೆತ ತಾಳಲಾರದೆ ಮಗನನ್ನು ಕರೆದುಕೊಂಡು ಬೇರೆ ಜಿಲ್ಲೆಗೆ ಬಂದೆ. ಗಂಡ ಒಬ್ಬ ಪತ್ತೇದಾರನಿಗೆ ಹಣ ಕೊಟ್ಟ. "ಹೆಂಡತಿಗೆ ತಲೆ ಸರಿ ಇಲ್ಲ, ಮಗುವನ್ನು ಎತ್ತಿಕೊಂಡು ಹೋಗಿದ್ದಾಳೆ" ಅಂತ ಹೇಳಿದನಂತೆ. ಆ ಮನುಷ್ಯ ಯಾವ ಕಾಗದವನ್ನೂ ಕೇಳಲಿಲ್ಲ. ಹಳೇ ಶಾಲೆಗೆ ಸಂಬಂಧಿಕ ಅಂತ ಹೋಗಿ, ಮಗನ ಟಿಸಿ ಯಾವ ಊರಿಗೆ ಹೋಯಿತು ಅಂತ ತಿಳಿದುಕೊಂಡ. ಉಳಿದದ್ದಕ್ಕೆ ನಮ್ಮ ಚಿಕ್ಕಮ್ಮನ ವಾಟ್ಸಾಪ್ ಸ್ಟೇಟಸ್ ಸಾಕಾಯಿತು. ಹಿಂದೆ ಅಂಗಡಿಯ ಬೋರ್ಡ್ ಕಾಣುತ್ತಿತ್ತು. ಒಂದು ಸಂಜೆ ಬಾಗಿಲು ತೆಗೆದರೆ ಗಂಡ ನಿಂತಿದ್ದ. ಆಮೇಲೆ ಏನಾಯಿತು ಅಂತ ಬರೆಯುವುದಿಲ್ಲ. ಅಕ್ಕಪಕ್ಕದವರು ಇದ್ದದ್ದಕ್ಕೆ ಬದುಕಿದೆ.

ದಾವಣಗೆರೆ ತಮ್ಮಾ, ನಿಮ್ಮ ಅಕ್ಕನ ಕಷ್ಟ ನಿಜ ಅಂತ ನನಗೆ ಗೊತ್ತು. ಆದರೆ ನನ್ನ ಗಂಡನೂ ಇಂಥದ್ದೇ ಧಾಟಿಯಲ್ಲಿ ಬರೆಯಬಲ್ಲ. ಇಲ್ಲಿ ಉತ್ತರ ಕೊಡುವವರು ಯಾರು ಕೇಳುತ್ತಿದ್ದಾರೆ, ಯಾಕೆ ಕೇಳುತ್ತಿದ್ದಾರೆ ಅಂತ ನೋಡಿ ಹೇಳಿ.

ಠಾಣೆ_ರೈಟರ್
ಅಕ್ಕಾ, ನೀವು ಬರೆದದ್ದು ಒಳ್ಳೆಯದಾಯಿತು. ನಮ್ಮಲ್ಲಿ ನಾಪತ್ತೆ ಕೇಸಿನಲ್ಲಿ ವಯಸ್ಕರು ಸಿಕ್ಕಿ, "ನಾನು ಸ್ವಂತ ಇಚ್ಛೆಯಿಂದ ಬಂದಿದ್ದೇನೆ, ಮನೆಗೆ ಹೋಗಲ್ಲ" ಅಂದರೆ ಹೇಳಿಕೆ ಬರೆದುಕೊಂಡು ಕೇಸು ಮುಗಿಸುತ್ತೇವೆ. ಮನೆಯವರಿಗೆ "ಕ್ಷೇಮವಾಗಿದ್ದಾರೆ" ಅಂತ ಮಾತ್ರ ಹೇಳುತ್ತೇವೆ. ಅತ್ತು ಕರೆದರೂ ವಿಳಾಸ ಕೊಡಬಾರದು. ಕೊಟ್ಟವರನ್ನು ನಾನು ಕ್ಷಮಿಸುವುದಿಲ್ಲ.

ನಿಮ್ಮ ಥರ ಇರುವವರು ಯಾರಾದರೂ ಓದುತ್ತಿದ್ದರೆ: ಆ ಕ್ಷಣಕ್ಕೆ 112, ಮಹಿಳಾ ಸಹಾಯವಾಣಿ 181. ಜಿಲ್ಲೆಗಳಲ್ಲಿ ಇಂಥ ಹೆಂಗಸರಿಗೆ ನೆರವಾಗುವ ಸಖಿ ಕೇಂದ್ರ ಇದೆ. ಶಾಲೆಯ ಮುಖ್ಯ ಶಿಕ್ಷಕರಿಗೆ ಮೊದಲೇ ಲಿಖಿತವಾಗಿ ಹೇಳಿ ಇಡಿ.

ಹುಬ್ಬಳ್ಳಿ_ವಕೀಲ
ತಂಗಿ, 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ನೀವು ತಾತ್ಕಾಲಿಕವಾಗಿ ಇರುವ ಊರಿನ ಕೋರ್ಟಿನಲ್ಲೂ ಅರ್ಜಿ ಹಾಕಬಹುದು. ಹಾಕುವ ಮೊದಲು ಒಂದು ಎಚ್ಚರ. ಅರ್ಜಿಯ ಪ್ರತಿ ಎದುರು ಪಾರ್ಟಿಗೆ ಹೋಗುತ್ತದೆ. ವಾಸದ ವಿಳಾಸ ಅದರಲ್ಲಿ ಕಾಣದ ಹಾಗೆ ಏನು ಮಾಡಬಹುದು ಅಂತ ವಕೀಲರ ಹತ್ತಿರ ಮೊದಲೇ ಕೂತು ಮಾತಾಡಿ.

ಸ್ವಾತಂತ್ರ್ಯಪ್ರಿಯ
ಅದಕ್ಕೇ ನಾನು ಹೇಳುವುದು, ಈ ಪತ್ತೇದಾರಿ ವ್ಯವಹಾರವನ್ನೇ ನಿಷೇಧಿಸಬೇಕು. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದಾರೆ. ಆ ಕೇಸು ಹಾಕಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರು. ನಾವೇ ಮರೆತರೆ ಹೇಗೆ?

ಕಲೆಕ್ಷನ್_ಬಿಟ್ಟವನು
ನಿಷೇಧ ಮಾಡಿದರೆ ಕದ್ದು ನಡೆಯುತ್ತದೆ. ಲೈಸೆನ್ಸ್ ಬರಲಿ, ಕೇಸು ತೆಗೆದುಕೊಳ್ಳುವ ಮೊದಲು ಆದೇಶದ ಪ್ರತಿ ನೋಡಲೇಬೇಕು ಅಂತ ನಿಯಮ ಬರಲಿ, ತಪ್ಪಿದರೆ ಲೈಸೆನ್ಸ್ ರದ್ದಾಗಲಿ.

ಸ್ವಾತಂತ್ರ್ಯಪ್ರಿಯ
ಲೈಸೆನ್ಸ್ ಇರುವ ವಸೂಲಿಯವರು ಎಷ್ಟು ನೆಟ್ಟಗಿದ್ದಾರೆ ಅಂತ ಮೇಲೆ ನೆಲಮಂಗಲದವರು ಬರೆದಿದ್ದಾರಲ್ಲ.

ನಿವೃತ್ತ_ಜಾರಿಕಾರ
ಇಬ್ಬರ ಮಾತಲ್ಲೂ ನಿಜ ಇದೆ. ನನ್ನ ಅನುಭವದಲ್ಲಿ ಒಂದು ವ್ಯತ್ಯಾಸ ಮುಖ್ಯ. ನಾವು ಹೋದಾಗ "ಕೋರ್ಟಿನಿಂದ ಬಂದಿದ್ದೇನೆ" ಅಂತ ಹೇಳಿ, ಗುರುತಿನ ಚೀಟಿ ತೋರಿಸಿ, ಕಾಗದ ಕೊಟ್ಟು ಸಹಿ ಕೇಳುತ್ತಿದ್ದೆವು. ಕೊರಿಯರ್ ಅಂತಲೋ ಗ್ಯಾಸ್ ಕಂಪನಿ ಅಂತಲೋ ಸುಳ್ಳು ಹೇಳಿ ಬರುವವನು ಯಾರೇ ಆಗಲಿ, ಅವನಿಗೆ ಏನನ್ನೂ ಹೇಳಬೇಡಿ. ಅಕ್ಕಪಕ್ಕದವರ ಬಗ್ಗೆ ಯಾರಾದರೂ ವಿಚಾರಿಸಿದರೆ ಹೆಸರು, ಊರು, ಕಾಗದ ಕೇಳಿ.

ದಾವಣಗೆರೆ_ತಮ್ಮ
@ಹೆಸರು_ಹೇಳಲ್ಲ ಅಕ್ಕಾ, ಓದಿ ಮನಸ್ಸಿಗೆ ತುಂಬಾ ಕಷ್ಟ ಆಯಿತು. ನೀವು ಹೇಳಿದ್ದು ಸರಿ. ನಾನು ಭಾವನ ಹೆಸರು, ಊರು ಇಲ್ಲಿ ಹಾಕುವುದಿಲ್ಲ, ಯಾರೂ ಕೇಳಬೇಡಿ. ಏಜೆನ್ಸಿಗೂ ಬೇಡ ಅಂತ ಹೇಳಿದೆ. ಕೋರ್ಟಿನ ಮೂಲಕವೇ ಏನಾದರೂ ಮಾಡಬಹುದಾ ಅನ್ನುವುದಷ್ಟೇ ಈಗ ನನ್ನ ಪ್ರಶ್ನೆ. ಅವರ ತಂದೆಯ ಹೆಸರಲ್ಲಿ ಊರಲ್ಲಿ ಅಡಿಕೆ ತೋಟ ಇತ್ತು. ತಂದೆ ತೀರಿಕೊಂಡಿದ್ದಾರೆ.

ಹುಬ್ಬಳ್ಳಿ_ವಕೀಲ
ತಂದೆ ತೀರಿಕೊಂಡಿದ್ದಾರೆ, ತೋಟ ಇದೆ ಅಂತ ಈಗ ಹೇಳುತ್ತೀರಲ್ಲ! ಇದನ್ನು ಮೊದಲ ಸಾಲಿನಲ್ಲೇ ಬರೆಯಬೇಕಿತ್ತು.

ಕೇಳಿ. ನಿಮಗೆ ಬೇಕಾಗಿರುವುದು ಭಾವನ ಮುಖ ಅಲ್ಲ, ಮಗುವಿನ ಹಣ. ಮನುಷ್ಯ ಓಡಬಹುದು, ತೋಟ ಓಡುವುದಿಲ್ಲ. ತಂದೆಯ ನಂತರ ವಾರಸುದಾರರ ಹೆಸರಿಗೆ ಪೌತಿ ಖಾತೆ ಆಗಿದ್ದರೆ ಪಹಣಿಯ 9ನೇ ಕಾಲಂನಲ್ಲಿ ಅವರ ಹೆಸರು ಬಂದಿರುತ್ತದೆ. ಸರ್ವೆ ನಂಬರ್ ಗೊತ್ತಿದ್ದರೆ ಭೂಮಿ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದು, ಇದರಲ್ಲಿ ಕದ್ದು ಮಾಡುವಂಥದ್ದು ಏನೂ ಇಲ್ಲ. ನಮ್ಮ ಕೋರ್ಟುಗಳಲ್ಲಿ ಎಫ್‌ಎಲ್‌ಡಬ್ಲ್ಯೂ ಅನ್ನುವ ವಾರಂಟ್ ಇದೆ. ದಂಡ ವಸೂಲಿ ಮಾಡುವ ಹಾಗೆ ಆಸ್ತಿಯಿಂದ ವಸೂಲಿ ಮಾಡುವುದು. ಅವರ ಭಾಗದ ಮೇಲೆ ಜಪ್ತಿ ಆದೇಶ ಆಗಿ ಪಹಣಿಯ 11ನೇ ಕಾಲಂನಲ್ಲಿ ನಮೂದಾಯಿತು ಅಂತಿಟ್ಟುಕೊಳ್ಳಿ. ಆಮೇಲೆ ಅಣ್ಣತಮ್ಮಂದಿರಿಗೆ ಬೆಳೆ ಸಾಲಕ್ಕೂ ತೊಡಕು, ಮಾರಾಟಕ್ಕೂ ತೊಡಕು. ಇವತ್ತು "ಸಂಬಂಧವೇ ಇಲ್ಲ" ಅನ್ನುವ ಮನೆಯವರೇ ಅವರನ್ನು ಹುಡುಕಿ ಕೋರ್ಟಿಗೆ ಕರಕೊಂಡು ಬರುತ್ತಾರೆ. ಇಂಥದ್ದನ್ನು ನನ್ನ ಕಕ್ಷಿದಾರರ ಕೇಸುಗಳಲ್ಲಿ ಕಣ್ಣಾರೆ ನೋಡೇನಿ.

ಇನ್ನೂ ಕೆಲವು:

ಇ-ಕೋರ್ಟ್ಸ್ ತಾಣದಲ್ಲಿ ಪಾರ್ಟಿ ಹೆಸರು ಹಾಕಿ ಹುಡುಕಿ. ನಿಮ್ಮ ಕೇಸಿಗೆ ಬರದವರು ಬೇರೆ ತಾಲ್ಲೂಕಿನಲ್ಲಿ ಭಾಗದ ದಾವೆ ಹಾಕಿಕೊಂಡು ಕೂತಿರುತ್ತಾರೆ. ದಾವೆಯಲ್ಲಿ ಈಗಿನ ವಿಳಾಸ ಕೊಡಲೇಬೇಕಲ್ಲ.

ಕೆಲಸ ಬಿಟ್ಟರು ಅಂದಿರಿ. ಬೇರೆ ಕಡೆ ಸೇರಿದ್ದರೆ ಪಿಎಫ್ ಅದೇ ಹಳೇ ಯುಎಎನ್‌ಗೆ (ಪಿಎಫ್ ಸದಸ್ಯರ ಕಾಯಂ ನಂಬರ್) ಸೇರುವ ಸಾಧ್ಯತೆ ಜಾಸ್ತಿ. ಪಿಎಫ್ ಹಣವನ್ನು ಜಪ್ತಿ ಮಾಡಲು ಬರುವುದಿಲ್ಲ, ಆದರೆ ಈಗ ಯಾವ ಸಂಸ್ಥೆ ವಂತಿಗೆ ಕಟ್ಟುತ್ತಿದೆ ಅನ್ನುವ ಮಾಹಿತಿ ತರಿಸಿ ಅಂತ ಕೋರ್ಟಿಗೆ ಅರ್ಜಿ ಹಾಕಬಹುದು. ಸಂಸ್ಥೆ ಗೊತ್ತಾದರೆ ಸಂಬಳದಲ್ಲೇ ಕಡಿತಕ್ಕೆ ಕೇಳಬಹುದು.

ಬಾಕಿ ಬಿದ್ದ 1 ವರ್ಷದೊಳಗೆ ವಸೂಲಿ ಅರ್ಜಿ ಹಾಕಬೇಕು. ಇದು ಬಹಳ ಜನರಿಗೆ ಗೊತ್ತಿಲ್ಲ. ಈಗಿನ ಅರ್ಜಿ ಯಾವ ತಿಂಗಳಿಂದ ಯಾವ ತಿಂಗಳವರೆಗಿನದು ನೋಡಿ. ನಂತರದ ಬಾಕಿಗೆ ಹೊಸ ಅರ್ಜಿ ಬೇಕಾದರೆ ಈ ವಾರವೇ ಹಾಕಿಸಿ.

ಮಿರ್ಚಿಮಂಡಕ್ಕಿ
ಜೈಲಿಗೆ ಹೋಗಿ ಬಂದರೆ ಬಾಕಿ ಮಾಫಿ ಅಂತಾರಲ್ಲ, ಹೌದಾ?

ಹುಬ್ಬಳ್ಳಿ_ವಕೀಲ
@ಮಿರ್ಚಿಮಂಡಕ್ಕಿ ಸುಳ್ಳು. ಜೈಲು ಅನ್ನುವುದು ಹಣ ಕಟ್ಟಿಸುವ ಉಪಾಯ ಅಷ್ಟೇ, ಅದರಿಂದ ಬಾಕಿ ತೀರುವುದಿಲ್ಲ ಅಂತ ಸುಪ್ರೀಂ ಕೋರ್ಟ್ 1988ರಲ್ಲೇ ಹೇಳಿದೆ, ಕುಲದೀಪ್ ಕೌರ್ ಕೇಸು. ಹಣ ಕಟ್ಟಿದರೆ ಮಾತ್ರ ಬಾಕಿ ತೀರುವುದು.

ನೆಲಮಂಗಲ_ರೈತ
ವಕೀಲರೇ, ತೋಟದಲ್ಲಿ ಆ ಅಜ್ಜಿಯ ಭಾಗವೂ ಇರುತ್ತದೆ, ಅಣ್ಣತಮ್ಮಂದಿರದೂ ಇರುತ್ತದೆ. ಅವರೇನು ತಪ್ಪು ಮಾಡಿದ್ದಾರೆ? ಒಬ್ಬನ ತಪ್ಪಿಗೆ ಇಡೀ ಮನೆಯ ಬೆಳೆ ಸಾಲ ನಿಲ್ಲಿಸುವುದು ನ್ಯಾಯನಾ?

ಹುಬ್ಬಳ್ಳಿ_ವಕೀಲ
ಕೇಳಬೇಕಾದ ಪ್ರಶ್ನೆನೇ ಕೇಳಿದ್ರಿ. ಜಪ್ತಿ ಅವರ ಭಾಗಕ್ಕೆ ಮಾತ್ರ, ಉಳಿದವರು ಕೋರ್ಟಿಗೆ ಬಂದು ತಮ್ಮ ಭಾಗ ಬಿಡಿಸಿಕೊಳ್ಳಬಹುದು. ಓಡಾಟ ಇದ್ದೇ ಇದೆ, ಇಲ್ಲ ಅನ್ನಲ್ಲ. ಆದರೆ ಮಗ ಎಲ್ಲಿದ್ದಾನೆ ಅಂತ ಗೊತ್ತಿದ್ದೂ ಮೊಮ್ಮಗುವಿನ ಮುಖಕ್ಕೆ ಬಾಗಿಲು ಹಾಕಿದರೆ, ಆ ಓಡಾಟವನ್ನು ಮಗು ಯಾಕೆ ಮಾಡಬೇಕು?

ಕಂದಾಯ_ಕಡೆಯವನು
ಜಮೀನಿನ ಮಾತು ಬಂದಿದ್ದಕ್ಕೆ ಬರೆಯುತ್ತಿದ್ದೇನೆ. ವಕೀಲರು ಹೇಳಿದ ದಾರಿ ಸರಿ, ಆದರೆ ತಡ ಮಾಡಬೇಡಿ. ಇಂಥವರು ಮಾಡುವ ಮೊದಲ ಕೆಲಸ, ತಮ್ಮ ಭಾಗವನ್ನು ಅಣ್ಣನ ಹೆಸರಿಗೋ ಅಮ್ಮನ ಹೆಸರಿಗೋ ಹಕ್ಕು ಬಿಡುಗಡೆ ಪತ್ರ ಮಾಡಿ ಕೊಡುವುದು. ಆಮೇಲೆ "ನನಗೆ ಆಸ್ತಿಯೇ ಇಲ್ಲ" ಅನ್ನುವುದು.

ಅದಕ್ಕೆ ಪಹಣಿ ಜೊತೆಗೆ ಇಸಿ, ಅಂದರೆ ಋಣಭಾರ ಪತ್ರ ತೆಗೆಸಿ. ತಂದೆ ತೀರಿಕೊಂಡ ದಿನದಿಂದ ಇವತ್ತಿನವರೆಗೆ ಏನೇನು ನೋಂದಣಿ ಆಗಿದೆ ಅಂತ ಅದರಲ್ಲಿ ಬರುತ್ತದೆ. ಬಿಡುಗಡೆ ಪತ್ರ ಆಗಿದ್ದರೆ ತಾರೀಖು ನೋಡಿ. ಜೀವನಾಂಶದ ಆದೇಶದ ನಂತರ ಆಗಿದ್ದರೆ, ಆದೇಶ ತಪ್ಪಿಸಲು ಮಾಡಿದ್ದು ಅಂತ ವಕೀಲರು ವಾದ ಮಾಡಲು ಗಟ್ಟಿ ಕಾಗದ ಸಿಕ್ಕಿತು. ಖಾತೆ ಇನ್ನೂ ತಂದೆಯ ಹೆಸರಲ್ಲೇ ಇದ್ದರೆ ಅದೂ ಅನುಕೂಲವೇ. ಪೌತಿ ಖಾತೆಗೆ ವಂಶವೃಕ್ಷ ಕೊಡಬೇಕು, ಅದರಲ್ಲಿ ಇವರ ಹೆಸರು ಬಿಡುವ ಹಾಗಿಲ್ಲ.

ದಾವಣಗೆರೆ_ತಮ್ಮ
ಎಲ್ಲರಿಗೂ ಕೈಮುಗಿದು ವಂದನೆ. ಮದುವೆ ಮಾತುಕತೆ ಸಮಯದಲ್ಲಿ ಅವರ ಕಡೆಯವರೇ ಕೊಟ್ಟಿದ್ದ ಪಹಣಿಯ ಝೆರಾಕ್ಸ್ ಅಪ್ಪನ ಟ್ರಂಕಿನಲ್ಲಿ ಸಿಕ್ಕಿತು, ಸರ್ವೆ ನಂಬರ್ ಇದೆ. ಈಗಷ್ಟೇ ಭೂಮಿಯಲ್ಲಿ ಹಾಕಿ ನೋಡಿದೆ. ಜಂಟಿ ಖಾತೆ ಆಗಿದೆ, ಭಾವನ ಹೆಸರು ಮೂರನೆಯದು. ಸೋಮವಾರ ಅಕ್ಕನನ್ನು ಕರಕೊಂಡು ವಕೀಲರ ಹತ್ತಿರ ಹೋಗುತ್ತೇನೆ.

ಕಂದಾಯ_ಕಡೆಯವನು
ಹೋಗುವ ಮೊದಲು ಹಿಸ್ಸಾ ನಂಬರ್, ಅಂದರೆ ಸರ್ವೆ ನಂಬರಿನೊಳಗಿನ ಭಾಗದ ನಂಬರ್, ಸರಿಯಾಗಿ ನೋಡಿಕೊಳ್ಳಿ. ಝೆರಾಕ್ಸ್ ಹಳೆಯದಾದರೆ ಆಮೇಲೆ ಪೋಡಿ ಆಗಿ (ಅಳತೆ ಮಾಡಿ ಜಮೀನು ಬೇರೆ ಮಾಡಿ) ಹಿಸ್ಸಾ ಬದಲಾಗಿರಬಹುದು. ಕೋರ್ಟಿನ ಆದೇಶದಲ್ಲಿ ಹಳೇ ನಂಬರ್ ಬಂದರೆ ಕಂದಾಯ ಕಚೇರಿಯಲ್ಲಿ ನಮೂದು ಮಾಡುವುದಿಲ್ಲ, ಮತ್ತೆ ಕೋರ್ಟಿಗೆ ಅಲೆಯಬೇಕಾಗುತ್ತದೆ. ಮ್ಯುಟೇಶನ್ (ಖಾತೆ ಬದಲಾವಣೆ) ಪ್ರತಿಯನ್ನೂ ಜೊತೆಗೆ ತೆಗೆಸಿಕೊಳ್ಳಿ.